ದಿಕ್ಕಿಲ್ಲದ ದನಿ

ಕುಮುದಿನಿ ಗಂಡನಿಗೆ ಬೆನ್ನು ಮಾಡಿ ನಿಂತಿದ್ದಳು. ಆದರೂ ಉತ್ತರ ಕೊಟ್ಟಳು.

ಬೆಟಗೇರಿಯ ಆ ಮನೆಯ ಮಾಳಿಗೆಯ ಮೇಲೆ ಹಿಂದೆ ಮಗ್ಗಗಳಿದ್ದ ಒಂದು ಹೆಂಚಿನ ಕೋಣೆ ಇತ್ತು. ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಿಕಲ್ ಪಾಠ ಹೇಳುವ ಅವಳ ಗಂಡ ರುದ್ರಮುನಿ ಕೊಪ್ಪದ, ಅದರೊಳಗೆ ಬೇಸಿಗೆ ರಜೆಯಿಡೀ ಕೂತು ಒಂದು ಟೆಸ್ಲಾ ಕಾಯಿಲ್ ಕಟ್ಟಿದ್ದ. ಆಳೆತ್ತರದ ಪ್ಲಾಸ್ಟಿಕ್ ಪೈಪಿನ ಮೇಲೆ ಕೂದಲೆಳೆಯಂಥ ತಾಮ್ರದ ತಂತಿಯನ್ನು ಒತ್ತೊತ್ತಾಗಿ ಸುತ್ತಿದ್ದ. ಬುಡದಲ್ಲಿ ದಪ್ಪ ತಾಮ್ರದ ಕೊಳವೆಯ ಕೆಲವೇ ಸುತ್ತು, ನೆತ್ತಿಯ ಮೇಲೆ ಅಲ್ಯೂಮಿನಿಯಂ ಬಳೆ. ಕೆಳಗಿನ ಸುತ್ತಿನಲ್ಲಿ ಕರೆಂಟು ಕುಣಿದರೆ ಮೇಲಿನದು ಅದೇ ತಾಳಕ್ಕೆ ಕುಣಿಯುತ್ತಿತ್ತು. ಹಗ್ಗದ ಜೋಕಾಲಿಗೆ ಸರಿಯಾದ ಹೊತ್ತಿಗೆ ಸಣ್ಣ ಸಣ್ಣ ನೂಕು ಕೊಟ್ಟರೆ ಅದು ಮಾಡಿನ ಎತ್ತರಕ್ಕೆ ಏರುತ್ತದಲ್ಲ, ಹಾಗೆ ವೋಲ್ಟೇಜು ಏರಿ ಏರಿ ಲಕ್ಷ ದಾಟುತ್ತಿತ್ತು. ಆಗ ಬಳೆಯಿಂದ ನೇರಳೆ ಬಣ್ಣದ ಮಿಂಚು ಗಾಳಿಗೆ ಚಾಚಿಕೊಳ್ಳುತ್ತಿತ್ತು. ಕಾಲೇಜಿನ ಪ್ರದರ್ಶನಕ್ಕೆಂದು ಅವನು ಅದಕ್ಕೊಂದು ಮೈಕು ಜೋಡಿಸಿದ್ದ. ಮೈಕಿನಲ್ಲಿ ಮಾತಾಡಿದರೆ ಮಿಂಚು ಅದೇ ಮಾತಿಗೆ ನಡುಗಿ, ಗಾಳಿಯನ್ನು ನಡುಗಿಸಿ, ತಾನೇ ಮಾತಾಡುತ್ತಿತ್ತು.

"ಕುಮುದಾ, ಚಹಾ ಆತೇನು?" ಎಂದ ಒಂದು ದಿನ ಮೈಕಿಗೆ, ಸುಮ್ಮನೆ ತಮಾಷೆಗೆ.

ಹೊರಗೆ ಮಾಳಿಗೆಯ ಮೇಲೆ ಬಟ್ಟೆ ಒಣಹಾಕುತ್ತಿದ್ದ ಅವನ ಹೆಂಡತಿ ತಿರುಗದೆಯೇ, "ಹಾಲು ಒಡದಾವು. ಬಾಜೂಮನಿ ಪಾರವ್ವನ ಕಡೆ ಇಸಗೊಂಡು ಬರಬೇಕು," ಅಂದಳು.

ಅಂದವಳ ಕೈಯಿಂದ ಒದ್ದೆ ಸೀರೆ ಜಾರಿ ಬಿತ್ತು. ಕುಮುದಿನಿ ಒಂದು ಶಬ್ದ ಕೇಳಿ ವರ್ಷಗಳೇ ಆಗಿದ್ದವು.

ಮದುವೆಯಾದ ಹೊಸದರಲ್ಲಿ ಅವಳಿಗೆ ಮೆದುಳು ಜ್ವರ ಬಂದಿತ್ತು. ಜೀವ ಉಳಿಯಿತು, ಕಿವಿ ಹೋಯಿತು. ಒಳಗಿವಿಯಲ್ಲಿ ಶಂಖದ ಹಾಗೆ ಸುರುಳಿ ಸುತ್ತಿಕೊಂಡಿರುವ ಭಾಗದೊಳಗೆ ಎಲುಬು ಬೆಳೆದು ತುಂಬಿಕೊಂಡಿತ್ತು. ಕಿವಿಯೊಳಗೆ ಯಂತ್ರ ಕೂರಿಸಲು ಅಲ್ಲಿ ಸಂದೇ ಇಲ್ಲ ಎಂದಿದ್ದರು ಡಾಕ್ಟರು. ಅವಳು ತುಟಿ ನೋಡಿ ಮಾತು ತಿಳಿಯುವುದನ್ನು ಕಲಿತಳು. ತನ್ನ ಮಾತು ತನಗೇ ಕೇಳದ್ದರಿಂದ ಕೆಲವೊಮ್ಮೆ ಜೋರಾಗಿ ಕೂಗಿಬಿಡುತ್ತಿದ್ದಳು, ಕೆಲವೊಮ್ಮೆ ಪಿಸುಗುಟ್ಟುತ್ತಿದ್ದಳು. ಮುಂದೆ ಮಗಳು ಚಿನ್ಮಯಿ ಹುಟ್ಟಿದಳು. ಆ ಮಗುವಿನ ಮೊದಲ ಅಳುವೂ ತಾಯಿಗೆ ಕೇಳಿರಲಿಲ್ಲ.

"ಇನ್ನೊಮ್ಮೆ ಅನ್ನು," ಎಂದಳು ಕುಮುದಿನಿ ಕೋಣೆಯ ಬಾಗಿಲಲ್ಲಿ ನಿಂತು. "ನಾ ಕಣ್ಣು ಮುಚ್ಚತೀನಿ."

ರುದ್ರಮುನಿ ಮೈಕನ್ನು ಬಾಯಿಗೆ ಹತ್ತಿರ ಹಿಡಿದ. "ಗಡಿಗಿ," ಎಂದ.

"ಗಡಿಗಿ."

"ಉಳ್ಳಾಗಡ್ಡಿ."

"ಉಳ್ಳಾಗಡ್ಡಿ." ಅವಳು ಕಣ್ಣು ಬಿಡಲಿಲ್ಲ. ರೆಪ್ಪೆಯ ಸಂದಿಯಿಂದ ನೀರು ಇಳಿಯುತ್ತಿತ್ತು. "ನಿನ್ನ ದನಿ ಹಿಂಗಿರಲಿಲ್ಲ. ಜೇನುಹುಳ ಮಾತಾಡಿದಂಗ ಐತಿ. ಆದರೂ ಅನ್ನು. ಏನರ ಅನ್ನಕೋತ ಇರು."

ಶಾಲೆಯಿಂದ ಬಂದ ಚಿನ್ಮಯಿಯನ್ನು ಅವನು ಎತ್ತಿಕೊಂಡೇ ಮೇಲೆ ತಂದ. ಕಾಯಿಲ್ ಸುತ್ತ ಹಾಕಿದ್ದ ಮರದ ಕಟಾಂಜನದ ಆಚೆ ಮಿಂಚು ಚಟಗುಟ್ಟುತ್ತಿತ್ತು. ಏಳು ವರ್ಷದ ಹುಡುಗಿ ಹೆದರಿ ಅಪ್ಪನ ಅಂಗಿ ಹಿಡಿದುಕೊಂಡಳು. ಅವಳು ತಾಯಿಯೊಡನೆ ಮಾತಾಡುವ ರೀತಿಯೇ ಬೇರೆ. ಮೊದಲು ನೆಲಕ್ಕೆ ಕಾಲು ಅಪ್ಪಳಿಸಿ ಕರೆಯುವುದು, ತಾಯಿ ತಿರುಗಿದ ಮೇಲೆ ಎದುರಿಗೆ ಬಂದು ನಿಲ್ಲುವುದು, ಆಮೇಲೆ ಕಣ್ಣು, ಹುಬ್ಬು, ಎರಡೂ ಕೈ ಸೇರಿಸಿ ಮಾತಾಡುವುದು. ಈಗ ಅಪ್ಪ ಒಂದು ಕಪ್ಪು ಕಡ್ಡಿಯನ್ನು ಬಾಯಿಗೆ ಹಿಡಿದಿದ್ದ. ತಾಯಿ ಕಣ್ಣು ಮುಚ್ಚಿಕೊಂಡು ಕೂತಿದ್ದಳು.

"ಏನರ ಮಾತಾಡವಾ. ಅವ್ವಗ ಕೇಳಸ್ತೈತಿ."

ಹುಡುಗಿಗೆ ಏನೂ ತೋಚಲಿಲ್ಲ. ಕೊನೆಗೆ, "ಅವ್ವಾ," ಎಂದಳು.

ಕುಮುದಿನಿಯ ಮುಖ ಅರಳಿತು. "ಇನ್ನೊಮ್ಮೆ."

"ಅವ್ವಾ."

"ಇನ್ನೊಮ್ಮೆ, ನನ್ನ ಬಂಗಾರ."

"ಅವ್ವಾ... ಅವ್ವಾ." ಹೇಳುತ್ತ ಹೇಳುತ್ತ ಚಿನ್ಮಯಿ ಬಿಕ್ಕತೊಡಗಿದಳು. ಆ ಜೇನುಹುಳದ ದನಿಯಲ್ಲಿ ತಾಯಿಗೆ ಅದು ತಿಳಿಯಲಿಲ್ಲ. ಕಣ್ಣು ಮುಚ್ಚೇ ಇದ್ದವು.

ರುದ್ರಮುನಿಗೆ ಆ ದಿನದಿಂದ ಕೂತಲ್ಲಿ ಕೂರಲಾಗಲಿಲ್ಲ. ಇದು ಹೇಗೆ ಆಗುತ್ತಿದೆ? ಕಾಯಿಲ್‌ನ ಪಕ್ಕ ನಿಂತರೆ ಅವನಿಗೆ ಮಿಂಚಿನ ಸದ್ದು ಕಿವಿಯಿಂದ ಕೇಳುತ್ತದೆಯೇ ಹೊರತು ತಲೆಯೊಳಗೆ ಏನೂ ಆಗುವುದಿಲ್ಲ. ಅವಳಿಗೆ ಮಾತ್ರ ಯಾಕೆ? ಪಾಲಿಟೆಕ್ನಿಕ್ ಲ್ಯಾಬಿನಲ್ಲಿ ಸಣ್ಣದೊಂದು ಕಾಯಿಲ್ ಮಾಡಿಟ್ಟು ಅಲೆಯನ್ನು ತೋರಿಸುವ ಆಸಿಲೋಸ್ಕೋಪಿನ ಹಸಿರು ಗೆರೆ ನೋಡುತ್ತ ಕೂರುವನು, ಎದ್ದು ಕಿಟಕಿಯವರೆಗೆ ಹೋಗುವನು, ಮತ್ತೆ ಬರುವನು. ಪಾಠ ಹೇಳುತ್ತಿದ್ದಾಗ ಅರ್ಧದಲ್ಲಿ ಸುಮ್ಮನಾಗಿ ಬೋರ್ಡನ್ನೇ ನೋಡುತ್ತ ನಿಂತುಬಿಡುವನು.

ಕೊನೆಗೆ ಹುಬ್ಬಳ್ಳಿಯ ಕಿವಿ ಡಾಕ್ಟರು ಫರೀದಾ ಮುಲ್ಲಾ ಅವರಿಗೆ ಫೋನು ಮಾಡಿದ. ಹಿಂದೆ ಕುಮುದಿನಿಯನ್ನು ನೋಡಿದವರು ಅವರೇ. ನಂಬದೆಯೇ ಬಂದರು. ಲ್ಯಾಬಿನಲ್ಲಿ ಕುಮುದಿನಿಯನ್ನು ಸಣ್ಣ ಕಾಯಿಲ್‌ನ ಹತ್ತಿರ ಗೋಡೆಗೆ ಮುಖ ಮಾಡಿ ಕೂರಿಸಿ, ತಾವೇ ಮೈಕು ಹಿಡಿದು ಅರ್ಥವಿಲ್ಲದ ಶಬ್ದಗಳನ್ನು ಹೇಳಿದರು. ಕುಮುದಿನಿ ಒಂದನ್ನೂ ತಪ್ಪದೆ ತಿರುಗಿ ಹೇಳಿದಳು. ಡಾಕ್ಟರು ಹಳೆಯ ಸ್ಕ್ಯಾನನ್ನು ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದರು.

"ಹಳೇ ಕಾಲದಾಗ ಬ್ಯಾಟರಿ ಇಲ್ಲದ ರೇಡಿಯೋ ಇದ್ವಲ್ಲ, ಒಂದು ಕಲ್ಲಿನ ಹರಳಿನ ಮ್ಯಾಲೆ ನಡೀತಿದ್ದವು?"

"ಕ್ರಿಸ್ಟಲ್ ರೇಡಿಯೋ."

"ಹಾಂ. ಈ ಎಲುಬು ಆ ಹರಳಿನ ಕೆಲಸ ಮಾಡಾಕತ್ತೈತೇನೋ ಅಂತ ನನಗ ಸಂಶಯ. ನಿಮ್ಮ ಯಂತ್ರದ ಅಲೆಯೊಳಗಿಂದ ಮಾತು ಸೋಸಿ ಪಕ್ಕದ ನರಕ್ಕ ಮುಟ್ಟಸ್ತೈತಿ. ನರ ಜೀವಂತ ಐತಲ್ಲ." ಸ್ಕ್ಯಾನನ್ನು ಕೆಳಗಿಟ್ಟರು. "ಕಿವಿ ಮುಚ್ಚಿದ್ದೂ ಆ ಎಲುಬೇ, ಈಗ ಕೇಳಸೂದೂ ಅದೇ. ಇದು ಖರೇ ಆಗಿದ್ರ ಇವರಂಥವರು ಇನ್ನೂ ಎಷ್ಟೋ ಮಂದಿ ಅದಾರ್ರೀ, ಕೊಪ್ಪದ. ಆದರ ಇದನ್ನ ಮನ್ಯಾಗ ಮಾಡಬ್ಯಾಡ್ರಿ. ಪರವಾನಗಿ ತಗೊಂಡು, ಆಸ್ಪತ್ರ್ಯಾಗ, ಸಾವಕಾಶ ಮಾಡೂಣು. ಆ ಅಲೆ ಮೈಯಾಗ ಮತ್ತೇನು ಮಾಡ್ತೈತಿ ಅನ್ನೂದು ನಮಗ ಗೊತ್ತಿಲ್ಲ."

"ಆಗ್ಲಿ," ಎಂದ ರುದ್ರಮುನಿ.

ಮನೆಗೆ ಬಂದವನೇ ಮಾಳಿಗೆ ಹತ್ತಿದ. ಸಾವಕಾಶ ಎಂಬ ಮಾತು ಅವನಿಗೆ ತಡೆದುಕೊಳ್ಳಲಾಗದಂತಿತ್ತು. ಕುಮುದಿನಿಗಂತೂ ಇನ್ನೂ ಹೆಚ್ಚು. ಗಂಡ ಕಾಲೇಜಿನಿಂದ ಬರುವುದನ್ನೇ ಕಾದು, ಅವನು ಶೂ ಬಿಚ್ಚುವ ಮೊದಲೇ, "ನಡಿ, ಮ್ಯಾಲೆ ಹೋಗೂಣು," ಎನ್ನುವಳು. ಎದುರು ಬದುರು ಕೂತು ಮಾತಾಡಿದ್ದು ಕೆಲವೇ ದಿನ. ಆಮೇಲೆ ಅವಳಿಗೆ ಬರೀ ಮಾತು ಸಾಲಲಿಲ್ಲ. ಬೀದಿ ಬೇಕು ಎಂದಳು. ಅವನು ಉದ್ದನೆಯ ವಯರು ಹಾಕಿ ಮೈಕನ್ನು ಕಿಟಕಿಯಾಚೆ ತೂಗುಬಿಟ್ಟ. ಆಚೆ ಪಾರವ್ವನ ಮನೆಯ ಪವರ್‌ಲೂಮುಗಳು ಖಟಖಟ ಬಡಿಯುತ್ತಿದ್ದವು. ನೇಕಾರರ ಮನೆಯಲ್ಲಿ ಹುಟ್ಟಿ ಬೆಳೆದ ಕುಮುದಿನಿ ಚಿಕ್ಕಂದಿನಲ್ಲಿ ಆ ಸದ್ದಿಗೆ ಬೇಸತ್ತು ಕಿವಿಗೆ ಹತ್ತಿ ತುರುಕಿಕೊಂಡು ಓದುತ್ತಿದ್ದಳಂತೆ. ಈಗ ಮಗ್ಗದ ಸದ್ದು ತಲೆಯೊಳಗೆ ತುಂಬಿದ್ದೇ ತಡ, ಎರಡೂ ಅಂಗೈ ಕೆನ್ನೆಗೆ ಒತ್ತಿಕೊಂಡು ನಕ್ಕಳು.

"ಮಗ್ಗ ಅಷ್ಟ ಕೇಳಸ್ತೈತಿ. ಸಣ್ಣ ಸದ್ದು ಯಾವೂ ಬರವಲ್ವು," ಎಂದು ಮರುದಿನವೇ ದೂರಿದಳು.

ಅದಕ್ಕೂ ಅವನ ಹತ್ತಿರ ಉಪಾಯವಿತ್ತು. ದೊಡ್ಡ ಸದ್ದನ್ನು ತಗ್ಗಿಸಿ, ಸಣ್ಣ ಸದ್ದನ್ನು ಎತ್ತಿ, ಎಲ್ಲವನ್ನೂ ಒಂದೇ ಮಟ್ಟಕ್ಕೆ ತರುವ ಒಂದು ಸರ್ಕಿಟ್ಟು ಮಾಡಿ ಮೈಕಿಗೆ ಜೋಡಿಸಿದ. ಜೊತೆಗೆ ಕಾಯಿಲ್‌ನ ಶಕ್ತಿಯನ್ನೂ ಇನ್ನಷ್ಟು ಏರಿಸಿದ. ಈಗ ಕುಮುದಿನಿಗೆ ಗುಬ್ಬಿ ಕೇಳಿತು. ಓಣಿಯ ತುದಿಯಲ್ಲಿ ಹಾದುಹೋಗುವವರ ಚಪ್ಪಲಿ ಕೇಳಿತು. ಯಾರದೋ ಮನೆಯ ಕುಕ್ಕರಿನ ಸೀಟಿ, ಯಾರೋ ತರಕಾರಿಯವನೊಡನೆ ಚೌಕಾಸಿ ಮಾಡುವುದು, ಎಲ್ಲ ಕೇಳಿತು. ಹತ್ತಿರದ್ದು ದೂರದ್ದು ಎಂಬ ಭೇದವಿಲ್ಲದೆ, ಎಡ ಬಲ ಎಂಬುದಿಲ್ಲದೆ, ತಲೆಯ ನಡುವೆ ಒಂದೇ ಕಡೆ, ಎಲ್ಲವೂ ಅದೇ ಜೇನುಹುಳದ ದನಿಯಲ್ಲಿ ಗುಂಯ್‌ಗುಡುತ್ತಿದ್ದವು.

ಮನೆ ಬದಲಾಗತೊಡಗಿತು. ಕುಮುದಿನಿಗೆ ನಿದ್ದೆ ಹಾರಿತು. ನಾಲಿಗೆಯ ಮೇಲೆ ಸದಾ ಕಬ್ಬಿಣದ ರುಚಿ. ರೊಟ್ಟಿ ಬಡಿಯುವಾಗ ಕೈ ಸಣ್ಣಗೆ ನಡುಗುತ್ತಿತ್ತು. ಅದನ್ನು ಗಂಡನಿಗೆ ತೋರಿಸದೆ ಹಿಟ್ಟಿನ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಿದ್ದಳು. ರುದ್ರಮುನಿಯ ಬೆರಳ ತುದಿಗಳಲ್ಲಿ ಸುಟ್ಟ ಬೊಕ್ಕೆಗಳೆದ್ದಿದ್ದವು. ಅವನೂ ತೋರಿಸುತ್ತಿರಲಿಲ್ಲ. ಪಾರವ್ವ ದಿನ ಬಿಟ್ಟು ದಿನ ಬಾಗಿಲಿಗೆ ಬರುತ್ತಿದ್ದಳು.

"ಮಾಸ್ತರ, ನಿಮ್ಮ ಯಂತ್ರ ಹಚ್ಚಿದ್ರ ನಮ್ಮ ಟಿವಿ ಕುಣೀತೈತ್ರೀ. ಹೋಗ್ಲಿ, ಟಿವಿ ಕುಣಿದ್ರ ಕುಣೀಲಿ. ಕುಮುದಾಗ ಏನಾಗೇತಿ? ನಾ ಎದುರಿಗೆ ನಿಂತು ಮಾತಾಡಿದ್ರೂ ನನ್ನ ಮಾರಿ ನೋಡೂದಿಲ್ಲ."

ಅದು ನಿಜ. ಕುಮುದಿನಿ ಮುಖ ನೋಡುವುದನ್ನು ಬಿಟ್ಟಿದ್ದಳು. ತುಟಿ ಓದುವುದೆಂದರೆ ದಣಿವು. ಇಡೀ ದಿನ ಮೈಯೆಲ್ಲ ಕಣ್ಣಾಗಿರಬೇಕು. ಈಗ ಸಂಜೆ ಮಾಳಿಗೆಯಲ್ಲಿ ಎಲ್ಲ ತಾನಾಗಿ ಕೇಳುವಾಗ ಆ ಕಷ್ಟ ಯಾಕೆ? ಚಿನ್ಮಯಿ ಕಾಲು ಅಪ್ಪಳಿಸಿದರೆ, "ಹಂಗ ಮಾಡಬ್ಯಾಡ. ಸಂಜಿಗೆ ಮೈಕಿನ್ಯಾಗ ಹೇಳು," ಎನ್ನುವಳು. ಸಂಜೆ ಮೈಕಿನ ಮುಂದೆ ಹುಡುಗಿಗೆ ಮಾತು ಹೊರಡುತ್ತಿರಲಿಲ್ಲ. ಹೇಳಬೇಕಾದದ್ದು ಮಧ್ಯಾಹ್ನವೇ ಹಳಸಿಹೋಗಿರುತ್ತಿತ್ತು.

ತಾನಿಲ್ಲದಾಗ ಯಂತ್ರ ಮುಟ್ಟಕೂಡದು ಎಂದು ರುದ್ರಮುನಿ ಕಟ್ಟುನಿಟ್ಟು ಮಾಡಿದ್ದ. "ಒಂದು ತಪ್ಪಿದ್ರ ಸುಟ್ಟು ಕರಕಾಗತೀವಿ," ಎಂದಿದ್ದ. ಆದರೆ ಅವನು ಒಂದೊಂದು ಸ್ವಿಚ್ಚು ಹಾಕುವುದನ್ನೂ ಅವಳು ನೋಡಿಟ್ಟುಕೊಂಡಿದ್ದಳು.

ಆ ಶನಿವಾರ ನಳಕ್ಕೆ ನೀರು ಬಿಡುವ ದಿನ. ಬೆಟಗೇರಿಯಲ್ಲಿ ನೀರು ಬರುವುದು ವಾರಗಟ್ಟಲೆ ಬಿಟ್ಟು. ಅದಕ್ಕೇ ಅಲ್ಲಿ ಮನೆಮನೆಯ ಅಂಗಳದಲ್ಲೂ ನೆಲದೊಳಗೆ ಆಳದ ಟಾಕಿ ಇರುತ್ತದೆ. ಕುಮುದಿನಿ ಟಾಕಿಯ ಕಬ್ಬಿಣದ ಮುಚ್ಚಳ ತೆಗೆದು ನೀರು ಬಿಟ್ಟಳು. ತುಂಬಲು ಹೊತ್ತು ಹಿಡಿಯುತ್ತದೆ. ಗಂಡ ಕಾಲೇಜಿನಲ್ಲಿದ್ದಾನೆ. ಹಾಡುಹಗಲಿನ ಓಣಿ ಹೇಗೆ ಕೇಳುತ್ತದೆಂದು ಅವಳಿಗೆ ಇನ್ನೂ ಗೊತ್ತಿರಲಿಲ್ಲ. ಸ್ವಲ್ಪ ಹೊತ್ತು, ಅಷ್ಟೇ, ಎಂದುಕೊಂಡು ಮಾಳಿಗೆ ಹತ್ತಿದಳು.

ಮಿಂಚು ಎದ್ದಿತು. ಓಣಿ ತಲೆಯೊಳಗೆ ಬಂದು ತುಂಬಿತು. ಮಗ್ಗಗಳು, ಗಾಡಿಗಳು, ಕಾಗೆ. ಅವಳು ಕಟಾಂಜನದ ಈಚೆ ಸ್ಟೂಲಿನ ಮೇಲೆ ಕೂತು ಕಣ್ಣು ಮುಚ್ಚಿದಳು. ಎಷ್ಟು ಹೊತ್ತು ಹಾಗೆ ಕೂತಿದ್ದಳೋ. ಅಷ್ಟರಲ್ಲಿ ಎಲ್ಲಿಂದಲೋ ಒಂದು ಮಗುವಿನ ಮಾತು ಬಂತು. ಅವ್ವಾ.

ಯಾರ ಮನೆಯ ಕೂಸೋ. ಎಷ್ಟು ಚೆಂದ ಕರೆಯುತ್ತದೆ ಎಂದುಕೊಂಡಳು. ಅವ್ವಾ... ಅವ್ವಾ. ಮಗ್ಗದ ಬಡಿತದ ನಡುನಡುವೆ, ಮಗ್ಗದಷ್ಟೇ ಜೋರಾಗಿ, ಗುಬ್ಬಿಯಷ್ಟೇ ಜೋರಾಗಿ. ಅವಳು ನಗುತ್ತ ಎಣಿಸತೊಡಗಿದಳು, ಎಣಿಕೆ ತಪ್ಪಿತು. ಬರಬರುತ್ತ ಆ ಕರೆ ಅಪರೂಪವಾಯಿತು. ಮಗು ಆಟಕ್ಕೆ ಹೋಗಿರಬೇಕು. ಅವಳಿಗೆ ಸ್ವಲ್ಪ ಬೇಜಾರೇ ಆಯಿತು.

ಆಗ ಕರೆಂಟು ಹೋಯಿತು.

ಮಿಂಚು ಸತ್ತಿತು. ತಲೆಯೊಳಗೆ ಹಳೆಯ ಮೌನ ದಪ್ಪನೆ ಇಳಿಯಿತು. ಓಣಿಯ ಮಗ್ಗಗಳೂ ಒಟ್ಟಿಗೇ ನಿಂತವು. ಆ ನಿಶ್ಶಬ್ದದಲ್ಲಿ ಪಕ್ಕದ ಮನೆಯ ಪಾರವ್ವನ ಕಿವಿಗೆ ಗೋಡೆಯಾಚೆಯಿಂದ ಕ್ಷೀಣವಾಗಿ ಏನೋ ಕೇಳಿತು. ಹಿಡಿದಿದ್ದ ಲಾಳಿ ಬಿಸಾಡಿ ಓಡಿದಳು.

ಕುಮುದಿನಿ ಸಿಡಿಮಿಡಿಗೊಳ್ಳುತ್ತ ಮೆಟ್ಟಿಲಿಳಿದು ಬಂದಾಗ ಪಾರವ್ವ ಅಂಗಳದಲ್ಲಿ ಬೋರಲು ಮಲಗಿ ಅರ್ಧ ಮೈಯನ್ನು ಟಾಕಿಯೊಳಗೆ ಬಿಟ್ಟಿದ್ದಳು. ಟಾಕಿಯ ಬಾಯಲ್ಲಿ ಶಾಲೆಯ ಚೀಲ ಬಿದ್ದಿತ್ತು. ಪಾರವ್ವನ ಕೈಯಲ್ಲಿ ಒಂದು ಜಡೆ, ಆಮೇಲೆ ಯೂನಿಫಾರ್ಮಿನ ಕಾಲರು, ಆಮೇಲೆ ನೀಲಿಗಟ್ಟಿದ ಒಂದು ಮುಖ.

ಕುಮುದಿನಿ ಕಿರುಚಿದ್ದು ಇಡೀ ಓಣಿಗೆ ಕೇಳಿತು.

ಅಂದು ಶಾಲೆ ಅರ್ಧ ದಿನ. ಮನೆಗೆ ಬಂದ ಚಿನ್ಮಯಿ ನೀರು ಎಷ್ಟು ತುಂಬಿದೆ ಎಂದು ಬಗ್ಗಿ ನೋಡಿದ್ದಳು. ಜಾರಿ ಬಿದ್ದವಳು ಮೋಟಾರಿನ ಪೈಪಿಗೆ ಜೋತುಬಿದ್ದಿದ್ದಳು. ನೀರು ಏರುತ್ತಲೇ ಇತ್ತು. ಆಸ್ಪತ್ರೆಗೆ ಮುಟ್ಟುವಷ್ಟರಲ್ಲಿ ಮೈ ಮಂಜಿನಂತೆ ತಣ್ಣಗಾಗಿತ್ತು. ಎದೆಯೊಳಗೆ ನೀರು ಹೋಗಿತ್ತು. ಜ್ವರ ಏರಿತು. ರುದ್ರಮುನಿ ವಾರ್ಡಿನ ಹೊರಗೆ ಆ ತುದಿಯಿಂದ ಈ ತುದಿಗೆ ನಡೆದಾಡಿದ. ಹೆಂಡತಿಯ ಮೇಲೆ ಸಿಟ್ಟು ಮಾಡಲು ಒಳಗೆ ಹೋದ. ಎಲ್ಲ ಸದ್ದನ್ನೂ ಒಂದೇ ಮಟ್ಟಕ್ಕೆ ತಂದ ಸರ್ಕಿಟ್ಟು ಯಾರದು ಎಂಬುದು ನೆನಪಾಯಿತು. ಹೊರಗೆ ಬಂದ. ಮತ್ತೆ ನಡೆದಾಡಿದ. ಕುಮುದಿನಿ ಹಾಸಿಗೆಯ ಪಕ್ಕದಲ್ಲಿ ಕಣ್ಣು ಮಿಟುಕಿಸದೆ ಮಗಳ ಮುಖವನ್ನೇ ನೋಡುತ್ತ ಕೂತಿದ್ದಳು. ಊಟಕ್ಕೂ ಏಳಲಿಲ್ಲ.

ಜ್ವರ ಇಳಿದ ಬೆಳಿಗ್ಗೆ ಚಿನ್ಮಯಿ ಕಣ್ಣು ಬಿಟ್ಟಳು. ಗಂಟಲು ಒಡೆದು ಹೋಗಿತ್ತು. ಉಸಿರಷ್ಟೇ ಬರುತ್ತಿತ್ತು. ತಾಯಿ ತುಟಿ ಓದಿದಳು.

"ನಾ ಭಾಳ ಕರದೆ ಅವ್ವಾ."

ಕುಮುದಿನಿ ತಲೆಯಾಡಿಸಿದಳು.

"ನಿನಗ ಈಗ ಕೇಳಸ್ತೈತಲ್ಲ. ಅದಕ್ಕ ಕರದೆ. ಮೊದಲಿನಂಗಿದ್ರ ಪೈಪ್ ಬಡೀತಿದ್ದೆ."

ಆ ಪೈಪು ಗೋಡೆಗುಂಟ ಮಾಳಿಗೆಯವರೆಗೆ ಹೋಗುತ್ತದೆ. ಅದಕ್ಕೆ ಯಾರಾದರೂ ಒಂದು ಏಟು ಕೊಟ್ಟರೆ ಮನೆಯ ನೆಲವೆಲ್ಲ ಸಣ್ಣಗೆ ಅದುರುತ್ತದೆ. ಯಾವ ಕೋಣೆಯಲ್ಲಿದ್ದರೂ ಕುಮುದಿನಿಯ ಅಂಗಾಲಿಗೆ ಅದು ತಕ್ಷಣ ಗೊತ್ತಾಗುತ್ತಿತ್ತು. ಹಾಗೆ ಬಡಿದು ಕರೆಯುವುದನ್ನು ಮಗಳಿಗೆ ಅವಳೇ ಬಿಡಿಸಿದ್ದಳು.

"ನನಗ ಕೇಳಿಸಿತ್ತು," ಎಂದಳು ಅವಳು. ತಾನು ಎಷ್ಟು ಜೋರಾಗಿ ಹೇಳುತ್ತಿದ್ದೇನೆಂದು ಅವಳಿಗೆ ತಿಳಿದಿರಲಿಲ್ಲ. ವಾರ್ಡಿನವರೆಲ್ಲ ತಿರುಗಿ ನೋಡಿದರು. "ಕೇಳಿಸಿತ್ತವಾ. ನೀನಂತ ಗೊತ್ತಾಗಲಿಲ್ಲ."

ಮಾಳಿಗೆಯ ಕೋಣೆಗೆ ಬೀಗ ಬಿತ್ತು. ಆದರೆ ಬೀಗ ಹಾಕಿದ ಮಾತ್ರಕ್ಕೆ ಮುಗಿಯಲಿಲ್ಲ. ರುದ್ರಮುನಿ ಊಟದ ನಡುವೆ ಕೈ ನಿಲ್ಲಿಸಿ ಛಾವಣಿ ನೋಡುವನು. ಎರಡು ಮೈಕು ಇಟ್ಟರೆ? ಎರಡು ಕಾಯಿಲ್ ಇಟ್ಟು, ಎಡಕ್ಕೊಂದು ಬಲಕ್ಕೊಂದು, ದಿಕ್ಕು ತೋರಿಸುವ ಹಾಗೆ ಮಾಡಿದರೆ? ಕುಮುದಿನಿಗೂ ಸಂಜೆಯಾದರೆ ಮೈ ಕಾದಂತಾಗುತ್ತಿತ್ತು. ಮೆಟ್ಟಿಲವರೆಗೆ ಹೋಗಿ ಕಂಬಿ ಹಿಡಿದು ನಿಲ್ಲುವಳು. ಮೌನ ಮೊದಲಿಗಿಂತ ದೊಡ್ಡದಾಗಿತ್ತು. ಒಂದು ಸಲ ಗಂಡನ ತೋಳು ಗಟ್ಟಿಯಾಗಿ ಹಿಡಿದು ಕೇಳಿಯೇಬಿಟ್ಟಳು.

"ಆ ಯಂತ್ರ ಮುರೀತೀಯಾ, ಏನು ನಾ ಮುರೀಲಿ?"

"ಮುರಿಯೂದು ಯಾಕ? ಫರೀದಾ ಡಾಕ್ಟರು ಕೇಳಾಕತ್ತಾರ. ಆಸ್ಪತ್ರಿಗೆ ಒಯ್ದು ನೋಡ್ತಾರಂತ. ನಿನ್ನಂಗ ಕಿವ್ಯಾಗ ಎಲುಬು ಬೆಳದವರು ಆರು ಮಂದಿ ಅದಾರಂತ ಅವರ ಕಡೆ. ಒಬ್ಬಾಕಿ ಹದಿನೇಳರ ಹುಡುಗಿ."

ಕುಮುದಿನಿ ಅವನ ತೋಳು ಬಿಟ್ಟಳು. "ಕೊಡು. ಆದರ ನಾನೂ ಹೋಗತೀನಿ. ಆ ಹುಡುಗಿಗೆ ಮೊದಲ ನಾ ಹೇಳಬೇಕು. ಇದು ಏನು ಕೊಡ್ತೈತಿ, ಏನು ಕೊಡೂದಿಲ್ಲ, ಅಂತ. ಡಾಕ್ಟರಿಗೆ ಅದು ಗೊತ್ತಿಲ್ಲ. ನಿನಗೂ ಗೊತ್ತಿಲ್ಲ."

ಡಾಕ್ಟರು ವ್ಯಾನು ಕಳಿಸುವ ದಿನ ಬಂತು. ಮಧ್ಯಾಹ್ನ ವ್ಯಾನು ಬರುವುದಕ್ಕೆ ಮೊದಲು ಚಿನ್ಮಯಿ ಅಪ್ಪನ ಹತ್ತಿರ ಬಂದು, "ಒಮ್ಮೆ ಹಚ್ಚು," ಎಂದಳು.

"ಯಾಕ?"

"ಅವ್ವಗ ಒಂದು ಹೇಳಬೇಕು. ಅದರಾಗ ಹೇಳತೀನಿ. ಇನ್ನ ಮ್ಯಾಲೆ ಇರೂದಿಲ್ಲಲ್ಲ."

ರುದ್ರಮುನಿ ಹೆಂಡತಿಯನ್ನು ನೋಡಿದ. ಅವಳು ಬೇಡವೆನ್ನಲಿಲ್ಲ. ಮೂವರೂ ಮೇಲೆ ಹೋದರು. ಅವನು ಬೀಗ ತೆಗೆದು, ಧೂಳು ಒರೆಸಿ, ಅರ್ಥಿಂಗ್ ತಂತಿ ಎಳೆದು ನೋಡಿ, ಒಂದೊಂದೇ ಸ್ವಿಚ್ಚು ಹಾಕಿದ. ನೇರಳೆ ಮಿಂಚು ಎದ್ದಿತು. ಚಿನ್ಮಯಿ ಈ ಸಲ ಹೆದರಲಿಲ್ಲ. ಮೈಕನ್ನು ತಾನೇ ಕೈಯಲ್ಲಿ ಹಿಡಿದಳು. ಕುಮುದಿನಿ ಸ್ಟೂಲಿನ ಮೇಲೆ ಕೂತು, ಅಭ್ಯಾಸಬಲದಿಂದ ಮುಚ್ಚಿಕೊಳ್ಳುತ್ತಿದ್ದ ಕಣ್ಣುಗಳನ್ನು ತೆರೆದೇ ಇಟ್ಟಳು.

"ಅವ್ವಾ, ನಮ್ಮ ಕ್ಲಾಸಿನ್ಯಾಗ ವಂದನಾ ಅಂತ ಇಲ್ಲ? ಆಕಿ ಹಲ್ಲು ಬಿತ್ತು. ರೊಟ್ಟಿ ತಿನ್ನೂವಾಗ. ಆಕಿ ಅದನ್ನ ಮಾಳಗಿ ಮ್ಯಾಲೆ ಒಗೀಲಿಲ್ಲ, ಗೊತ್ತೇನು, ಕಂಪಾಸ ಪೆಟ್ಟಿಗ್ಯಾಗ ಇಟಗೊಂಡಾಳ. ಆಮ್ಯಾಲೆ ಟೀಚರು ಪೆನ್ಸಿಲ್ ತಗೀ ಅಂದ್ರು, ಆಗ..."

ಮಾತು ತಲೆಯೊಳಗೆ ಗುಂಯ್‌ಗುಡುತ್ತಿತ್ತು. ಎದುರಿಗೆ ಮಗಳು ನಿಂತಿದ್ದಳು. ಮೈಕು ಅವಳ ಬಾಯಿಯನ್ನು ಪೂರ್ತಿ ಮುಚ್ಚಿತ್ತು. ಒಂದು ಕೈ ಮೈಕಿನಲ್ಲಿ ಸಿಕ್ಕಿಹಾಕಿಕೊಂಡಿತ್ತು. ಇನ್ನೊಂದು ಕೈ ಏನನ್ನೋ ತೋರಿಸಲು ಮೇಲೆದ್ದು, ದಾರಿ ಕಾಣದೆ ಗಾಳಿಯಲ್ಲಿ ನಿಂತಿತ್ತು.

ಕುಮುದಿನಿ ಎದ್ದು ಹೋಗಿ ಸ್ವಿಚ್ಚು ಆರಿಸಿದಳು.

ಮಿಂಚು ಒಂದು ಸಲ ಚಟ್ ಎಂದು ಅಡಗಿತು. ರುದ್ರಮುನಿ ಬೆಚ್ಚಿ, "ಯಾಕ? ಆಕಿ ಇನ್ನ ಹೇಳಾಕತ್ತಾಳ," ಎಂದ. ಅವಳು ಅವನ ಕಡೆ ನೋಡಲಿಲ್ಲ. ಮಗಳ ಕೈಯಿಂದ ಮೈಕು ತೆಗೆದು ಮೇಜಿನ ಮೇಲಿಟ್ಟಳು. ಅವಳ ಮುಂದೆ ನೆಲದ ಮೇಲೆ, ಮುಖಕ್ಕೆ ಮುಖ ಸರಿಯಾಗಿ ಬರುವಂತೆ, ಕೂತಳು.

"ಹೂಂ, ಮುಂದ ಹೇಳು. ಟೀಚರು ಪೆನ್ಸಿಲ್ ತಗೀ ಅಂದ್ರು. ಆಗ?"

ಚಿನ್ಮಯಿ ಒಂದು ಕ್ಷಣ ತಾಯಿಯನ್ನೇ ನೋಡಿದಳು. ಆಮೇಲೆ ಎರಡೂ ಕೈ ಎತ್ತಿ, ಕಂಪಾಸ್ ಪೆಟ್ಟಿಗೆಯ ಮುಚ್ಚಳ ಫಟ್ಟನೆ ತೆರೆದು, ಹಲ್ಲು ಹಾರಿ, ಟೀಚರ ಚಹಾದ ಕಪ್ಪಿನೊಳಗೆ ಹೋಗಿ ಬಿದ್ದದ್ದನ್ನು ತೋರಿಸಿದಳು.